ಗರ್ಭಕೋಶವಿಲ್ಲದವಳ ಮುಟ್ಟು

ಗರ್ಭಕೋಶವೇ ಇಲ್ಲದವಳಿಗೆ ಮುಟ್ಟು ಎಲ್ಲಿಂದ ಬರಬೇಕು? ಆದಿವಾಲದ ಆಚೆ ನಮ್ಮಕ್ಕ ಮುದ್ದಕ್ಕನನ್ನು ಕೊಟ್ಟ ಹಟ್ಟಿಯಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಕ್ಯಾನ್ಸರ್ ಅಂತ ಗರ್ಭಕೋಶ ತೆಗೆಸಿ, ರೇಡಿಯೇಷನ್ ಕರೆಂಟು ಕೊಡಿಸಿ ವರ್ಷಗಳಾಗಿದ್ದವು. ಕಿಡ್ನಿಯಿಂದ ಇಳಿಯುವ ಮೂತ್ರನಾಳ ಕರೆಂಟಿಗೆ ಸುಟ್ಟು ಮುಚ್ಚಿಹೋಗದಿರಲೆಂದು ಒಳಗೊಂದು ಪ್ಲಾಸ್ಟಿಕ್ ನಳಿಕೆ ಇಟ್ಟಿದ್ದರು.

ಕಳೆದ ಸುಗ್ಗಿಯಿಂದ ಆಗಾಗ ಮೂತ್ರದಲ್ಲಿ ರಕ್ತ. ಅವಳ ಅತ್ತೆ ಶಿವಗಂಗಮ್ಮ ಸೀರೆಯ ಕಲೆ ನೋಡಿ, "ದೇವ್ರಿರೋ ಮನೆ, ಹೊರಗೆ ಕುಂತ್ಕ" ಅಂದಳು. ಅಕ್ಕ ಹಟ್ಟಿಯಾಚೆಯ ಮುಟ್ಟಿನ ಗುಡಿಸಲು ಸೇರಿದಳು. ರಕ್ತ ನಿಂತರೆ ಮಿಂದು ಒಳಗೆ, ಕಂಡರೆ ಮತ್ತೆ ಹೊರಗೆ. ಭಾವ ತಿಮ್ಮರಾಯಪ್ಪ ದೂರದಿಂದಲೇ ಮುದ್ದೆಯ ತಟ್ಟೆ ಇಟ್ಟು ಬರುತ್ತಿದ್ದ. ಒಳ್ಳೆಯ ಮನುಷ್ಯ. ಇಂಥ ಒಳ್ಳೆಯವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಡಾಕ್ಟರುಗಳೇನು ಕಮ್ಮಿ? ಹಿರಿಯೂರಿನಲ್ಲಿ ಒಬ್ಬರು ಸೋಂಕು ಅಂತ ಮಾತ್ರೆ ಬರೆದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ, ಆ ದಿನ ರಕ್ತ ನಿಂತಿತ್ತು.

ಕೊನೆಗೆ ನಾನೇ ಜಗಳವಾಡಿ ದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ನಳಿಕೆ ಬದಲಿಸಲು ಎಳೆದದ್ದೇ ತಡ, ರಕ್ತ ಧಾರೆಯಾಗಿ ಸುರಿಯಿತು. ಸರ್ಜನ್ ಮೀನಾಕ್ಷಿ ಒಳಗೆ ಬಲೂನು ಉಬ್ಬಿಸಿ ತಡೆದರು. ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌-ರೇಯಲ್ಲಿ ನೋಡಿದಾಗ ಆ ಬಣ್ಣ ಅಲ್ಲಿಂದ ನೇರ ಮೂತ್ರನಾಳಕ್ಕೆ ಇಳಿಯುವುದು ಕಂಡಿತು.

"ಎಡಗಾಲಿಗೆ ಹೋಗೋ ದೊಡ್ಡ ರಕ್ತನಾಳದ ಮೇಲೇ ಮೂತ್ರನಾಳ ಹಾದು ಹೋಗ್ತದೆ. ಬಾವಿ ಹಗ್ಗ ಕಲ್ಲು ಸವೆಸೋ ಹಂಗೆ ನಳಿಕೆ ಉಜ್ಜಿ ಎರಡಕ್ಕೂ ತೂತು ಬಿದ್ದೈತೆ. ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದರು.

ಜೊತೆಗೆ ಬಂದಿದ್ದ ಭಾವ ಆಪರೇಷನ್ ಕಾಗದಕ್ಕೆ ಸಹಿ ಹಾಕಿದ.

ಹೊಟ್ಟೆ ಕೊಯ್ದು ತೂತಾದ ರಕ್ತನಾಳವನ್ನು ಕಟ್ಟಿದರು. ಎಡಗಾಲು ಸಾಯಬಾರದೆಂದು ಬಲಗಾಲಿನ ರಕ್ತನಾಳದಿಂದ ಅದಕ್ಕೊಂದು ಹೊಸ ನಾಳ ಜೋಡಿಸಿದರು. ರಕ್ತ ಬೇಕೆಂದಾಗ ಭಾವ ಅಂಗಿಯ ತೋಳು ಮಡಿಸಿ ಮುಂದೆ ನಿಂತ. ಗುಂಪು ಹೊಂದಿತು. ಅವನ ರಕ್ತವೇ ಅಕ್ಕನಿಗೆ ಏರಿತು. ಆ ಹೊತ್ತು ನಾನು ಅವನನ್ನು ಕ್ಷಮಿಸಿಬಿಟ್ಟಿದ್ದೆ.

ಅಕ್ಕ ಬದುಕಿ ಹಟ್ಟಿಗೆ ಬಂದಳು. ಹೊಟ್ಟೆಯ ಪಟ್ಟಿಯ ಮೇಲೆ ಚೂರು ಕೆಂಪಿತ್ತು. ಶಿವಗಂಗಮ್ಮ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು. "ಗಾಯ ಮಾಯಗಂಟ ಗುಡಿಸಲಾಗೆ ಇರ್ಲಿ."

ಭಾವ ಅಕ್ಕನ ಚೀಲ ಎತ್ತಿಕೊಂಡು ಗುಡಿಸಲ ಕಡೆ ನಡೆದ.

"ನಿಂಗೂ ಅಲ್ಲೇ ಚಾಪೆ ಹಾಸ್ಕ. ನನ್ನ ಮೈಯಾಗೆ ಹರಿಯಾದು ನಿನ್ನ ರಕ್ತನೇ," ಅಂದಳು ಅಕ್ಕ.

ಅವನು ದಾರಿಯ ಮಧ್ಯೆ ಚೀಲ ಇಳಿಸಿದ. ಹಿಂತಿರುಗಿ ಹೋಗಿ, ಅವಳ ಚೀಲ ಮುಟ್ಟಿದ್ದೇನೆ, ಮಿಂದು ಒಳಗೆ ಬರುತ್ತೇನೆ, ನೀರು ಕಾಯಿಸು ಎಂದು ತನ್ನವ್ವನಿಗೆ ಹೇಳಿದ.