ಎರಡಡಿ ಹಳಿ

ಶರಣಬಸವನ ಸಾಮಿಲ್ಲಿಗೆ ಮರ ಕೊಯ್ಯುವ ದೊಡ್ಡ ಬ್ಯಾಂಡ್‌ಸಾ ಬಂದಾಗ, ದಿಮ್ಮಿ ಹೊತ್ತ ಟ್ರಾಲಿ ಓಡಾಡಲು ಎಪ್ಪತ್ತು ಅಡಿ ಹಳಿ ಬೇಕಾಯಿತು. ಶೆಡ್ಡಿನಲ್ಲಿ ಇದ್ದದ್ದು ನಲವತ್ತು ಅಡಿ. ಉಳಿದ ಮೂವತ್ತು ಅಡಿಯನ್ನು ಹಿಂದಿನ ಗೋಡೆ ಕೆಡವಿ ಕೇರಿಯ ಸುಡುಗಾಡಿನಿಂದ ತೆಗೆದುಕೊಂಡರು. ಆ ಮೂವತ್ತು ಅಡಿಯಲ್ಲಿ ಐದು ಜನರನ್ನು ಮಣ್ಣು ಮಾಡಿದ್ದರು. ಹೊಸ ಗೋಡೆ ಅವರ ಆಚೆ ಎದ್ದಿತು. ಇದಾಗಿ ಆರು ವರ್ಷ.

ಇವತ್ತು ಆ ಗೋಡೆಯ ಹೊರಗೆ ಸಾಮಿಲ್ಲಿನ ಮಿಸ್ತ್ರಿ ಅಂಬಪ್ಪನ ಹೆಣಕ್ಕೆಂದು ತೋಡಿದ ಗುಂಡಿಯಲ್ಲಿ ಎರಡೂವರೆ ಅಡಿಗೇ ನೀರು ಒಸರಿತು.

ಗುದ್ದಲಿ ಹಿಡಿದಿದ್ದ ಮಲ್ಲೇಶ ಕೆಸರುಗಾಲಲ್ಲೇ ಕೇರಿಗೆ ಓಡಿ ಬಂದ. ಅಂಬಪ್ಪನ ಹೆಂಡತಿ ಮುದುಕಮ್ಮ ಆಗ ಸತ್ತ ಗಂಡನ ಬಲಗೈ ತೊಳೆಯುತ್ತಿದ್ದಳು. ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದಳು, ಸೀಮೆಎಣ್ಣೆ ಹಚ್ಚಿ ತಿಕ್ಕಿದಳು. ಹೋಗಲಿಲ್ಲ.

"ಚಿಗವ್ವಾ, ಮತ್ತ ನೀರು ಬಂತು. ಮೂರು ಕಡಿ ತೋಡಿದ್ವಿ, ಮೂರೂ ಕಡಿ ಅಷ್ಟ."

"ಬರದ ಏನು ಮಾಡತೈತಿ? ಕಾಲುವಿಗೆ ನೀರು ಬಿಟ್ಟಾರ, ಸುತ್ತ ಭತ್ತದ ಗದ್ದಿ," ಎಂದಳು ತಲೆಯ ಬಳಿ ಕೂತಿದ್ದ ನೆರೆಮನೆಯ ಮುದುಕಿ ಹುಸೇನಮ್ಮ. "ಹ್ವಾದ ವರ್ಷ ನನ್ನ ಮೈದುನನ್ನ ಇಟ್ಟಾಗ ತೇಲಾಕತ್ತಿದ್ದ. ಎದಿ ಮ್ಯಾಲ ಕಲ್ಲು ಹೇರಿ ಮುಳುಗಿಸಿ ಬಂದ್ವಿ. ಮಣ್ಣು ಮಾಡಲಿಲ್ಲವಾ ನಾವು, ಮುಳುಗಿಸಿದ್ವಿ."

ಸುಡುಗಾಡಿನಲ್ಲಿ ಎತ್ತರದ ಒಣನೆಲ ಇದ್ದದ್ದೇ ಆ ಮೂವತ್ತು ಅಡಿ. ಅದು ಈಗ ಗೋಡೆಯ ಒಳಗಿತ್ತು.

ಹೊರಗೆ ಬೇವಿನಮರದ ಕಟ್ಟೆಯ ಮೇಲಿಂದ ಮಲ್ಲೇಶನ ಅಪ್ಪ ಮಾಳಿಂಗಪ್ಪನ ದನಿ ಕೇಳಿತು. ಸತ್ತವನಿಗೆ ದೊಡ್ಡಪ್ಪನ ಮಗ. ಸಾವಿಗೆ ಬಂದಿದ್ದ, ಆದರೆ ಹೆಗಲು ಕೊಡುವುದಿಲ್ಲ ಎಂದು ಬಂದ ಕೂಡಲೇ ಸಾರಿದ್ದ.

"ಸುಡುಗಾಡಿನ ಮ್ಯಾಲ ಹಳಿ ಹಾಸಿದಾಂವಗ ನೀರಾಗ ಮಲಗಾಕ ಏನು ಧಾಡಿ? ನಮ್ಮವ್ವನ ಎದಿ ಮ್ಯಾಲ ಟ್ರಾಲಿ ಓಡಿಸ್ಯಾನ. ಒಣಾ ಜಾಗಾ ತಾನ ಸಾವಕಾರಗ ಕೊಟ್ಟು ಈಗ ಒಣಾ ಜಾಗಾ ಬೇಕಂದ್ರ?"

ಲಿಂಗಸುಗೂರು ಡಿಪೋದಲ್ಲಿ ಕಂಡಕ್ಟರ್ ಆಗಿರುವ ಅಂಬಪ್ಪನ ಮಗಳು ಮಹೇಶ್ವರಿ ಬಾಗಿಲಿಗೆ ಬಂದಳು. ಮೊದಲ ಬಸ್ಸಿಗೆ ಬಂದವಳು, ಕಣ್ಣು ಊದಿತ್ತು.

"ದೊಡ್ಡಪ್ಪಾ, ಹೆಣದ ಮುಂದ ಆಡೋ ಮಾತಾ ಇದು?"

"ಹೆಣದ ಮುಂದ ಆಡಬೇಕವಾ. ಬದುಕಿದ್ದಾಗ ಆಡಿದ್ರ ಮಷೀನಿನ ಸಪ್ಪಳದಾಗ ನಿಮ್ಮಪ್ಪಗ ಕೇಳಸ್ತಿದ್ದಿಲ್ಲ."

ಕಟ್ಟೆಯ ಮೇಲೆ ಇಬ್ಬರು ನಕ್ಕರು. ಮಹೇಶ್ವರಿ ಮುಂದೆ ನುಗ್ಗಿದಳು. ಮುದುಕಮ್ಮ ಒದ್ದೆ ಕೈಯಲ್ಲೇ ಅವಳ ಸೆರಗು ಹಿಡಿದು ಜಗ್ಗಿದಳು. ಆರು ವರ್ಷ ಈ ನಗೆಯನ್ನು ಅವಳು ನಳದ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ನುಂಗಿದ್ದಳು. ಗಂಡನಿಗೆ ಕೇರಿಯವರು ಚಹಾ ಕೊಡುವುದು ಬಿಟ್ಟಿದ್ದರು. ಒಮ್ಮೆ ಯಾರೋ ಅವನ ಸೈಕಲ್ಲಿನ ಸೀಟಿನ ಮೇಲೆ ಉಗುಳಿದ್ದರು. ಅವನು ಒರೆಸಿಕೊಂಡು ಕೆಲಸಕ್ಕೆ ಹೋಗಿದ್ದ. ಕೆಮ್ಮಿನ ಜೊತೆ ಕಟ್ಟಿಗೆಯ ಹೊಟ್ಟು ಬರುತ್ತಿದ್ದ ಕೊನೆಯ ತಿಂಗಳಲ್ಲೂ ಅವನು ಅವಳಿಗೆ ಹೇಳಿದ್ದು ಒಂದೇ ಮಾತು: "ನಾ ಸಾಯೂತನಾ ಬಾಯಿ ಬಿಡಬ್ಯಾಡ."

ನಿನ್ನೆ ಸಂಜೆ ಸತ್ತ. ಈಗ ಬಾಯಿ ಬಿಡಬಹುದು.

*

ದೊಡ್ಡ ಮಷೀನು ಬೇಕೆಂದು ಸಾವಕಾರ ಶರಣಬಸವನ ಬೆನ್ನು ಹತ್ತಿದ್ದವನೇ ಅಂಬಪ್ಪ. ಹಳೆಯ ಚಿಕ್ಕ ಬ್ಯಾಂಡ್‌ಸಾಕ್ಕೆ ದಪ್ಪ ಬೇವಿನ ದಿಮ್ಮಿ ಕೊಟ್ಟರೆ ಗರಗಸದ ಪಟ್ಟಿ ಕಟ್ಟೆಂದು ಹರಿಯುತ್ತಿತ್ತು. ಹಾಗೆ ಹರಿದ ಪಟ್ಟಿ ಒಮ್ಮೆ ಅವನ ಕಿವಿಯ ಪಕ್ಕದಲ್ಲೇ ಹಾರಿ ತಗಡಿಗೆ ಹೊಡೆದಿತ್ತು. "ಆಳೆತ್ತರ ಗಾಲಿ ಇರೋ ಮಷೀನು ತರ್ರಿ ಸಾವ್ಕಾರ್ರ. ಹುಣಸಿ ಮರಾನೂ ಬೆಣ್ಣಿ ಕೊಯ್ದಂಗ ಕೊಯ್ದು ಕೊಡ್ತೀನಿ," ಎಂದಿದ್ದ. ಲಾರಿಯಿಂದ ಅದು ಇಳಿದ ದಿನ ಮನೆಗೆ ಬಂದು ತೋಳು ಚಾಚಿ ಗಾಲಿಯ ಅಗಲ ತೋರಿಸಿದ್ದ. ಮದುವೆಯಾದ ಹೊಸದರಲ್ಲೂ ಮುದುಕಮ್ಮ ಅವನ ಮುಖದಲ್ಲಿ ಅಷ್ಟು ಬೆಳಕು ಕಂಡಿರಲಿಲ್ಲ.

ಮರುದಿನ ಟ್ರಾಲಿಯ ದಾರಿಯನ್ನು ಹೆಜ್ಜೆಯಲ್ಲಿ ಅಳೆಯುತ್ತ ಹೋದವನು ಗೋಡೆಗೆ ಮುಟ್ಟಿ ನಿಂತ.

"ಜಾಗಾ ಸಾಲಂಗಿಲ್ರಿ."

"ಗ್ವಾಡಿ ಕೆಡವು," ಎಂದ ಶರಣಬಸವ.

"ಆ ಕಡಿ ನಮ್ಮ ಹಿರೇರು ಅದಾರ್ರಿ. ನಮ್ಮಪ್ಪ ಅದಾನ."

"ಇರ್ಲಿ ಬಿಡು. ಅವರೇನು ಏಳಂಗಿಲ್ಲಲ್ಲ."

ಕೇರಿ ಎದ್ದಿತು. ಅರ್ಜಿ ಹೋಯಿತು. ಅಳತೆಯವರು ಬಂದರು, ಸಾವಕಾರನ ಮನೆಯಲ್ಲಿ ಉಂಡರು, ಸರಪಳಿ ಸುತ್ತಿಕೊಂಡು ಹೋದರು. ಅಂಬಪ್ಪ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಸಾವಕಾರನೇ ಕೇರಿಯ ಅಗಸೆ ಬಾಗಿಲಿಗೆ ಬಂದು ಬೈಕಿನಿಂದ ಇಳಿಯದೆ ಹೇಳಿದ:

"ನೀ ಹಾಕದಿದ್ರ ಬಿಡೋ. ಸಿಂಧನೂರಿಂದ ಜೆಸಿಬಿ ತರಸ್ತೀನಿ. ಜೆಸಿಬಿಗೆ ನಿಮ್ಮಪ್ಪ ಯಾರು, ಅವರವ್ವ ಯಾರು ಗೊತ್ತಾಗಂಗಿಲ್ಲ ನೋಡು."

ಐದನೆಯ ದಿನ ಅಂಬಪ್ಪ ಹೋದ. ಮೂವತ್ತು ಅಡಿಯಲ್ಲಿ ಒಂದು ಗುದ್ದಲಿಯನ್ನೂ ನೆಲಕ್ಕೆ ಇಳಿಸಗೊಡಲಿಲ್ಲ. ಮೇಲೆ ಮಣ್ಣು ಹರವಿ, ತೊಲೆ ಇಟ್ಟು, ಹಳಿ ಕೂಡಿಸಿದ. ಕೇರಿ ಕಂಡದ್ದು ಇಷ್ಟು: ಅಂಬಪ್ಪ ಹೆಣಗಳ ಮೇಲೆ ಹಳಿ ಹಾಸಿದ.

*

ಮುದುಕಮ್ಮ ಎದ್ದು ಒಳಗೆ ಹೋದಳು. ಜೋಳದ ಚೀಲದ ಹಿಂದಿನಿಂದ ಹಳೆಯ ಧೋತರದ ಗಂಟೊಂದನ್ನು ತಂದು ಬಿಚ್ಚಿದಳು. ನಟ್ಟು ಬಿಚ್ಚುವ ದೊಡ್ಡ ಪಾನಾ ಒಂದಿತ್ತು, ಮಗುವಿನ ತೋಳಿನಷ್ಟು ಉದ್ದದ್ದು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೆಣ ಎತ್ರಿ."

"ಎಲ್ಲಿಗೆ ಚಿಗವ್ವಾ? ನೀರು..."

"ಅವರಪ್ಪನ ಗುಂಡಿಗೆ. ಈ ಮನ್ಯಾಗ ಅಪ್ಪನ ಗುಂಡಿ ಹಿರೇಮಗಂದು. ನಾ ಸೊಸಿಯಾಗಿ ಬಂದಾಗಿಂದ ಕೇಳೀನಿ."

"ಅದು ಸಾಮಿಲ್ಲಿನ ಒಳಗೈತಿ!"

"ಗೊತ್ತೈತಿ," ಎಂದಳು ಮುದುಕಮ್ಮ.

ಮಲ್ಲೇಶ ಅಪ್ಪನ ಮುಖ ನೋಡಿದ, ಆಮೇಲೆ ಹೆಣದ ಮುಖ ನೋಡಿದ, ಚಟ್ಟಕ್ಕೆ ಹೆಗಲು ಕೊಟ್ಟ. ಮಹೇಶ್ವರಿ ಇನ್ನೊಂದು ಕಡೆ ಕೊಟ್ಟಳು, ಹಿಂದಿನ ಎರಡು ಕಡೆ ಗುಂಡಿ ತೋಡಿದ್ದ ಹುಡುಗರು ಕೊಟ್ಟರು. ಮಾಳಿಂಗಪ್ಪ ಕಟ್ಟೆಯಿಂದ ಇಳಿದದ್ದು ಹೆಗಲು ಕೊಡಲಿಕ್ಕಲ್ಲ, ಏನು ನಗೆಪಾಟಲಾಗುತ್ತದೋ ನೋಡಲಿಕ್ಕೆ.

ಮಸ್ಕಿ ರಸ್ತೆಯ ಆ ಸಾಮಿಲ್ಲು ಮಿಸ್ತ್ರಿ ಸತ್ತ ಮರುದಿನವೂ ಬಂದ್ ಆಗಿರಲಿಲ್ಲ. ಗೇಟಿನ ಹೊರಗೇ ಪಟ್ಟಿಯ ಚೀತ್ಕಾರ ಕೇಳುತ್ತಿತ್ತು. ಇಪ್ಪತ್ತು ವರ್ಷ ಅಂಬಪ್ಪನ ಎದುರು ನಿಂತು ದಿಮ್ಮಿ ನೂಕಿದ್ದ ಅಮೀನ್‌ಸಾಬ್ ಚಟ್ಟ ಕಂಡವನೇ ಒಂದು ಮಾತೂ ಕೇಳದೆ ಗೇಟು ತೆರೆದ, ಮಷೀನು ಆರಿಸಿದ. ಎರಡು ಗಾಲಿಗಳು ಬಹಳ ಹೊತ್ತು ತಿರುಗಿ ತಿರುಗಿ ನಿಂತವು.

ಶರಣಬಸವ ಆಫೀಸಿನಿಂದ ಸೇವಂತಿಗೆ ಹಾರ ಹಿಡಿದು ಬಂದ. ನಡುವಯಸ್ಸಿನ ಮನುಷ್ಯ, ಬಿಳಿ ಅಂಗಿಯ ಮೇಲೆ ಕಟ್ಟಿಗೆಯ ಹೊಟ್ಟಿನ ಒಂದು ಚುಕ್ಕೆಯೂ ಇರಲಿಲ್ಲ.

"ಏ ಮುದುಕವ್ವಾ, ನಾನ ಕೇರಿಗೆ ಬರಾಂವ ಇದ್ನೆಲ್ಲ! ಇಲ್ಲಿತನಾ ಯಾಕ ತಂದ್ರಿ?" ಎಂದವನು ಚಟ್ಟದ ದಾರಿ ಮಷೀನಿನ ಕಡೆ ಇರುವುದನ್ನು ನೋಡಿ ತನ್ನಷ್ಟಕ್ಕೆ ಅರ್ಥ ಮಾಡಿಕೊಂಡ. ಅವನ ಕಣ್ಣು ತೇವವಾಯಿತು. "ಹೌದೇಳ್ರಿ. ಅವನ ಕೈಯ್ಯಾಗ ಬೆಳೆದ ಮಷೀನು. ಕಡೀ ಸಲ ನೋಡ್ಲಿ. ಟ್ರಾಲಿ ಮ್ಯಾಲ ಇಡ್ರಿ, ಇಡ್ರಿ. ಏ ಅಮೀನ್‌ಸಾಬ್, ಟ್ರಾಲಿ ಝಾಡಿಸೋ. ಲಿಂಗಸುಗೂರಾಗೂ ಇಂಥಾ ಮಷೀನಿಲ್ಲ, ಇಂಥಾ ಮಿಸ್ತ್ರೀನೂ ಇಲ್ಲ."

ತಾನೇ ಹೂವಿನ ಹಾರ ಹಾಕಿದ. ಫೋನು ತೆಗೆದು ಒಂದು ಫೋಟೋ ಹೊಡೆಸಿಕೊಂಡ. ಮುದುಕಮ್ಮ ಅಮೀನ್‌ಸಾಬನ ಕಡೆ ತಿರುಗಿದಳು.

"ಸಾಬಣ್ಣಾ, ತಳ್ಳಪ್ಪ," ಎಂದಳು.

ಅಮೀನ್‌ಸಾಬ್ ತಳ್ಳಿದ. ಹೆಣ ಹೊತ್ತ ಟ್ರಾಲಿ ಶೆಡ್ಡಿನ ನಲವತ್ತು ಅಡಿಯನ್ನು ಸಪ್ಪಳವಿಲ್ಲದೆ ದಾಟಿತು. ಆಮೇಲೆ ಗಾಲಿ ಮೊದಲ ಸಂದಿಗೆ ಬಿತ್ತು.

ಟಕ್.

"ಗ್ಯಾನಪ್ಪ. ನಮ್ಮ ಮಾವ," ಎಂದಳು ಮುದುಕಮ್ಮ.

ಟಕ್.

"ಹುಲಿಗೆವ್ವ."

ಟಕ್.

"ದುರುಗವ್ವ. ಮಾಳಿಂಗಪ್ಪ ಬಾವನ ತಾಯಿ."

ಗೇಟಿನ ಬಳಿ ಕೈಕಟ್ಟಿ ನಿಂತಿದ್ದ ಮಾಳಿಂಗಪ್ಪನ ಕೈ ಕೆಳಗಿಳಿಯಿತು. ಟಕ್. "ಯಂಕೋಬ." ಆಮೇಲೆ ಗೋಡೆಯ ಬುಡದಲ್ಲಿ ಎರಡು ಸಪ್ಪಳ ಒಂದರ ಬೆನ್ನಿಗೊಂದು ಬಂದವು, ಟಕ್‌ಟಕ್, ಟ್ರಾಲಿ ನಿಂತಿತು.

"ಹುಸೇನವ್ವನ ಕೂಸು," ಎಂದಳು ಮುದುಕಮ್ಮ. "ಹೆಸರಿಟ್ಟಿದ್ದಿಲ್ಲ."

*

ಹಳಿ ಹಾಸುವಾಗ ಶರಣಬಸವ ಬೈದಿದ್ದ. "ಉದ್ದ ಹಳಿ ತಂದು ಕೊಟ್ರ ತುಂಡು ತುಂಡು ಯಾಕ ಮಾಡಿದಿಯೋ?"

"ಬಿಸಲಿಗೆ ಹಳಿ ಹಿಗ್ಗತಾವ್ರಿ. ಸಂದು ಬಿಡಬೇಕು. ರೈಲಿನ ಹಳಿ ನೋಡೀರಲ್ಲ?"

ಹೌದೆನ್ನಿಸಿತು. ನಮ್ಮ ಮಿಸ್ತ್ರಿ ಇಂಜಿನಿಯರ್ ಇದ್ದಂಗ ಎಂದು ಬಂದವರಿಗೆಲ್ಲ ಹೇಳಿದ. ಒಂದು ದಿನ ಮಾತ್ರ ಕಾಲಿನಿಂದ ತಟ್ಟಿ ಕೇಳಿದ್ದ: "ಎಲ್ಲಾ ಆರಡಿ ಅದಾವು. ಇದೊಂದು ಯಾಕ ಎರಡಡಿ?"

"ಹಳಿ ಕಡಿಮಿ ಬಿತ್ರಿ."

ಪ್ರತಿ ಅಮವಾಸ್ಯೆಗೂ ಅಂಬಪ್ಪ ಆ ಸಂದುಗಳ ನಟ್ಟಿಗೆ ಗ್ರೀಸು ಹಚ್ಚುತ್ತಿದ್ದ. ಮಷೀನಿನ ಮೇಲಿನ ಪ್ರೀತಿ ಎಂದುಕೊಂಡಿದ್ದ ಸಾವಕಾರ. ಮನೆಯಲ್ಲಿ ಅಂಬಪ್ಪ ಹೆಂಡತಿಗೆ ಒಂದೇ ಸಲ ಬಿಡಿಸಿ ಹೇಳಿದ್ದ. "ಒಬ್ಬೊಬ್ಬರ ಮ್ಯಾಲ ಒಂದೊಂದು ತುಂಡು, ತುಂಡಿಗೆ ಎಂಟು ನಟ್ಟು. ಬಿಚ್ಚಿದ್ರ ನಿಚ್ಚಣಿಕಿ ಎತ್ತಿದಂಗ ಬರತೈತಿ. ಇವತ್ತ ಹೇಳಿದ್ರ ನಾಳೆ ವೆಲ್ಡಿಂಗ್ ಹೊಡಸ್ತಾನ. ನಾ ಹೋಗಿ ಕೇಳಿದ್ರ ಗೇಟು ತಗಿಯಂಗಿಲ್ಲ, ನನ್ನ ಹೆಣ ಹ್ವಾದ್ರ ತಗೀತಾನ. ಮಷೀನು ಅವಂದು ಮುದುಕೀ. ಹಳಿ ನಂದು."

ಅವತ್ತು ಅವನು ನಕ್ಕಿದ್ದ. ಆ ನಗೆಯನ್ನು ನೆನೆದೇ ಅವಳು ಆರು ವರ್ಷ ಊರಿನ ನಗೆ ಸಹಿಸಿದ್ದಳು.

*

ಮುದುಕಮ್ಮ ಮೊದಲ ಸಂದಿಗೆ ಬಂದು ಕೂತು ಪಾನಾ ಹಚ್ಚಿದಳು. ನಟ್ಟು ಕೈಬೆರಳಿಗೇ ತಿರುಗಿತು. ಎಂಟನ್ನೂ ಬಿಚ್ಚಿ ಉಡಿಗೆ ಹಾಕಿಕೊಂಡಳು. ಮಲ್ಲೇಶ, ಅಮೀನ್‌ಸಾಬ್ ಆ ಕಡೆ ಈ ಕಡೆ ಹಿಡಿದು ಎತ್ತಿದರು. ಆರಡಿ ಹಳಿ ತೊಲೆ ಸಮೇತ ನಿಚ್ಚಣಿಕೆಯಂತೆ ಎದ್ದು ಬಂತು. ಕೆಳಗೆ ಒಣ ಕೆಂಪುಮಣ್ಣು.

ಆಗ ಸಾವಕಾರನಿಗೆ ಕಣ್ಣು ಬಿಟ್ಟಿತು.

"ಏ! ಏ! ಏನು ಮಾಡಾಕತ್ತೀರಿ? ಪೊಲೀಸ್ರಿಗೆ ಫೋನ್ ಮಾಡ್ತೀನಿ ನೋಡ್ರಿ!"

"ಮಾಡ್ರಿ," ಎಂದಳು ಮಹೇಶ್ವರಿ. ಅವಳ ಫೋನು ಆಗಲೇ ಎಲ್ಲವನ್ನೂ ಹಿಡಿಯುತ್ತಿತ್ತು. "ಹೆಣಾನ ನೀವ ಒಳಗ ಕರಕೊಂಡು ಹಾರ ಹಾಕಿದ್ದು ಇದರಾಗೈತಿ. ಬಂದವರು ಕೆಳಗ ಏನೈತಿ ಅಂತ ತೋಡಿ ನೋಡ್ತಾರ. ಆರು ವರ್ಷ ಟಿಕೆಟ್ ಇಲ್ದ ಕುಂತು ಬಂದೀರಿ ಸಾವ್ಕಾರ್ರ. ಇಳಿಯೋ ಸ್ಟಾಪ್ ಬಂತು."

ಗೇಟಿನಲ್ಲಿ ಕೇರಿ ತುಂಬಿಕೊಂಡಿತ್ತು. ಶರಣಬಸವ ಜನರನ್ನು ನೋಡಿದ, ಫೋನು ಜೇಬಿಗೆ ಹಾಕಿದ.

ಗುಂಡಿ ತೋಡಿದರು. ನಾಲ್ಕಡಿಗೆ ಹೋದರೂ ನೀರು ಬರಲಿಲ್ಲ. ತೋಡಿದ ಹುಡುಗರು ಗುಂಡಿಯಲ್ಲೇ ಇದ್ದರು, ಅಂಬಪ್ಪನನ್ನು ಟ್ರಾಲಿಯಿಂದ ಎತ್ತುವಾಗ ನಾಲ್ಕನೆಯ ಹೆಗಲು ಬೇಕಾಯಿತು. ಮಾಳಿಂಗಪ್ಪ ಬಂದು ಕೊಟ್ಟ. ಯಾರೂ ಅವನನ್ನು ನೋಡಲಿಲ್ಲ. ಅವನೂ ತಲೆ ಎತ್ತಲಿಲ್ಲ. ಗುಂಡಿಗೆ ಇಳಿಸುವ ಮುಂಚೆ ಮುದುಕಮ್ಮ ಸಾವಕಾರನ ಹಾರ ತೆಗೆದು ಬ್ಯಾಂಡ್‌ಸಾದ ಪಟ್ಟಿಯ ಹಲ್ಲಿಗೆ ನೇತುಹಾಕಿ ಬಂದಳು.

ಎಲ್ಲರೂ ಹಿಡಿಮಣ್ಣು ಹಾಕಿ ಮುಗಿದ ಮೇಲೆ ಶರಣಬಸವ ಹತ್ತಿರ ಬಂದ. ದನಿ ಮೆತ್ತಗಾಗಿತ್ತು.

"ಆತಿಲ್ಲವಾ, ನಿನ್ನ ಮಾತ ನಡೀತು. ಇರ್ಲಿ ಅಂವ ಇಲ್ಲೇ. ಗ್ವಾಡಿ ಮ್ಯಾಲ ಅವನ ಹೆಸರು ಬರಸ್ತೀನಿ, ದೊಡ್ಡದಾಗಿ. ಈಗ ಹಳಿ ಜೋಡಿಸಿಬಿಡ್ರಿ. ನಾಳೆ ಎರಡು ಲಾರಿ ತೇಗದ ದಿಮ್ಮಿ ಬರತಾವ. ನಟ್ಟು ಕೊಡಿಲ್ಲಿ."

ಟ್ರಾಲಿ ಗೋಡೆಯ ಬುಡದಲ್ಲಿ ನಿಂತಿತ್ತು. ಅದಕ್ಕೂ ಮಷೀನಿಗೂ ನಡುವೆ ಹೊಸ ಮಣ್ಣಿನ ದಿಬ್ಬ.

"ಕೊಡಂಗಿಲ್ಲ," ಎಂದಳು ಮುದುಕಮ್ಮ. ಉಡಿಯನ್ನು ಗಂಟು ಹಾಕಿ ಸೊಂಟಕ್ಕೆ ಬಿಗಿದಳು. ಪಾನಾವನ್ನು ಮಾಳಿಂಗಪ್ಪನ ಕಡೆ ಚಾಚಿದಳು. "ಬಾವಾ, ನಿಮ್ಮವ್ವ ಮೂರನೇ ಸಂದಿಗದಾಳ."

ಮಾಳಿಂಗಪ್ಪ ಇಸಿದುಕೊಂಡ. ಪಾನಾ ಎರಡು ಸಲ ಜಾರಿತು, ಮೂರನೆಯ ಸಲ ಕೂತಿತು. ಆರು ವರ್ಷ ಗ್ರೀಸು ಕುಡಿದ ನಟ್ಟು ಒಂದಿಷ್ಟೂ ಸಪ್ಪಳ ಮಾಡದೆ ತಿರುಗಿತು.

"ಏ ಅಮೀನ್‌ಸಾಬ್, ಕಸ್ಕೊಳೋ ಅದನ್ನ!"

ಅಮೀನ್‌ಸಾಬ್ ಟ್ರಾಲಿಯನ್ನು ಒಂದು ಮಾರು ಸರಿಸಿ ಗೋಡೆಯ ಬುಡ ಬಿಡಿಸುತ್ತಿದ್ದ. ಕೇಳಿಸದವನಂತೆ ಸರಿಸಿ ಮುಗಿಸಿ ಬದಿಗೆ ನಿಂತ. ಬಿಟ್ಟ ಜಾಗಕ್ಕೆ ಗುಂಪಿನಿಂದ ಹುಸೇನಮ್ಮ ಮೆಲ್ಲಗೆ ಬಂದಳು. ಹಳಿಯ ಸಣ್ಣ ತುಂಡಿನ ಮೇಲೆ ಗೇಣು ಹಾಕಿದಳು. ಒಂದು, ಎರಡು, ಮೂರಾಗಿ ಸ್ವಲ್ಪ ಉಳಿಯಿತು. ನಲವತ್ತು ವರ್ಷದ ಹಿಂದೆ ಬಟ್ಟೆ ಸುತ್ತಿ ಇಲ್ಲಿಗೆ ತಂದದ್ದು ಅಷ್ಟೇ ಉದ್ದವಿತ್ತು. ಅವಳು ಅದರ ಪಕ್ಕದಲ್ಲಿ ಕಾಲು ಚಾಚಿ ಕೂತು, ಸೆರಗಿನ ತುದಿಯನ್ನು ಕಬ್ಬಿಣದ ಮೇಲೆ ಹೊದಿಸಿದಳು.

ಶರಣಬಸವ ಅಲ್ಲಿಗೆ ಓಡಿದ. "ಏ ಮುದುಕೀ, ನೀನರ ಏಳಬೇ! ಏಳು ಮ್ಯಾಲ!"

ಹುಸೇನಮ್ಮ ತಲೆ ಎತ್ತಿ ಅವನನ್ನು ನೋಡಿದಳು.

"ಒದರಬ್ಯಾಡ," ಎಂದಳು. "ಆರು ವರ್ಷದ ಮ್ಯಾಲ ಇವತ್ತ ಮಲಗೇತಿ."

ಏಳಲಿಲ್ಲ.