ಕೆಂಪು ಬಟ್ಟೆ ಕಟ್ಟಿದ ಬಂಡೆ

"ನೀರು ಹುಯ್ಯಮ್ಮ, ನಿಲ್ಲಿಸ್ಬೇಡ," ಎಂದರು ಮುನಿಲಕ್ಷ್ಮಮ್ಮ.

ಕೋಕಿಲಾ ತಂಬಿಗೆಯನ್ನು ಮತ್ತೆ ಬಗ್ಗಿಸಿದಳು. ಅತ್ತೆ, ತೀರಿಹೋದ ಮಗನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸೀಗೆಪುಡಿ ಹಚ್ಚಿ ಉಜ್ಜುತ್ತಿದ್ದರು. ಬೆರಳ ತುದಿಯ ಚರ್ಮ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ನೀರಿಗೂ ಮೆತ್ತಗಾಗಲಿಲ್ಲ.

"ಇದು ವರ್ಕ್‌ಶಾಪಲ್ಲಿ ಆಗಿದ್ದಲ್ಲ. ಆ ಹಾಳು ಬಂಡೆಯಿಂದ ಆಗಿದ್ದು," ಎಂದರು ಅತ್ತೆ.

ನಿನ್ನೆ, ಶುಕ್ರವಾರ ಸಂಜೆ, ಕೆ.ಆರ್. ಪುರದ ವರ್ಕ್‌ಶಾಪಿನಿಂದ ಹಲಸೂರಿನ ಮನೆಗೆ ಬರುತ್ತಿದ್ದ ಪ್ರೇಮ್‌ಕುಮಾರನ ಬೈಕಿಗೆ ಲಾರಿ ಹೊಡೆದಿತ್ತು. ಮೂವತ್ತಮೂರು ವರ್ಷ. ಮದುವೆಯಾಗಿ ನಾಲ್ಕು. ಕೋಕಿಲಾಗೆ ಇನ್ನೂ ಅಳು ಬಂದಿರಲಿಲ್ಲ. ತಂಬಿಗೆ ತುಂಬುತ್ತಿತ್ತು, ಖಾಲಿಯಾಗುತ್ತಿತ್ತು. ಅಷ್ಟು ಮಾತ್ರ ಗೊತ್ತಾಗುತ್ತಿತ್ತು.

ಸ್ನಾನ ಮುಗಿದ ಮೇಲೆ ಜಯಂತ್ ಅವಳನ್ನು ಗೋಡೆಯ ಮಗ್ಗುಲಿಗೆ ಕರೆದ. ಪ್ರೇಮ್ ಜೊತೆ ಹನ್ನೆರಡು ವರ್ಷ ಬಂಡೆ ಹತ್ತಿದವನು. ಅವನ ಹಿಂದೆ ಶಿವಾಜಿನಗರದ ಮೆಕ್ಯಾನಿಕ್ ಅಕ್ತರ್ ಹೂವಿನ ಹಾರ ಹಿಡಿದು ನಿಂತಿದ್ದ.

"ಭಾನುವಾರ ಸಂಜೆ ಫೋನ್ ಮಾಡಿದ್ದ ಕೋಕಿಲಾ. ಬಂಡೆ ತುದಿಯ ಚೈನ್ ಮುಟ್ಟಿದೆ ಗುರೂ, ಮಿಕ್ಕಿದ್ದು ಸಿಕ್ಕಾಗ ಹೇಳ್ತೀನಿ ಅಂದ. ಹಗ್ಗ ಹಿಡಿದಿದ್ದು ನೀವೇ ತಾನೆ?"

"ನಾನೇ."

"ಬೇರೆ ಯಾರೂ ಇರ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ನೀವು ಹೂಂ ಅಂದ್ರೆ ಸಾಕು. ಎತ್ತೋ ಮುಂಚೆ ಎಲ್ಲರ ಮುಂದೆ ಹೇಳ್ತೀನಿ. ಬಂಡೆ ಮೇಲಿನ ಆ ದಾರಿಗೆ ಅವನ ಹೆಸರು ಇಡ್ತೀವಿ. ಮುಗಿಸಿಲ್ಲ ಅಂದ್ರೆ ಯಾರು ಬೇಕಾದ್ರೂ ಹತ್ತಿ ಹೆಸರು ಇಟ್ಕೋಬೋದು."

ಅಕ್ತರ್ ಹಾರದ ಗಂಟು ನೋಡುತ್ತಿದ್ದ. ಕೋಕಿಲಾ ಖಾಲಿ ತಂಬಿಗೆಯನ್ನು ನೆಲಕ್ಕಿಟ್ಟಳು.

* * *

ರಾಮನಗರದ ಹೊರಗಿನ ಆ ಬಂಡೆ ಕೆಳಗೆ ನಿಂತವರ ತಲೆಯ ಮೇಲೆ ಬಾಗಿದೆ. ಹಗ್ಗ ಸಿಕ್ಕಿಸಲು ಹನ್ನೊಂದು ಬೋಲ್ಟ್, ದಾರಿ ಮುಗಿಯುವ ತುದಿಯಲ್ಲೊಂದು ಚೈನ್. ಬೋಲ್ಟುಗಳನ್ನು ಕೊರೆದು ಕೂರಿಸಿದವನು ಪ್ರೇಮ್. ತೊಂಬತ್ತೇಳರಲ್ಲಿ ಮೊದಲ ಬೋಲ್ಟಿಗೆ ಕೆಂಪು ಬಟ್ಟೆ ಕಟ್ಟಿದವನೂ ಅವನೇ. ಬಟ್ಟೆ ಇರುವ ತನಕ ಆ ದಾರಿ ಕಟ್ಟಿದವನದು. ಅವನು ಕೆಳಗಿನಿಂದ ತುದಿಯವರೆಗೆ ಒಮ್ಮೆಯೂ ಬೀಳದೆ, ಹಗ್ಗಕ್ಕೆ ಭಾರ ಕೊಡದೆ ಹತ್ತಿ ಮುಗಿಸುವವರೆಗೆ ಬೇರೆಯವರು ಅದಕ್ಕೆ ಕೈ ಹಚ್ಚುವಂತಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೂ ಆರು ವರ್ಷ ಯಾರೂ ಮುರಿದಿರಲಿಲ್ಲ. ಸುತ್ತಲಿನ ಬಂಡೆಗಳನ್ನೆಲ್ಲ ಮುಗಿಸಿದ ಅಕ್ತರ್ ಇದರ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದ. "ಬೇಗ ಮುಗ್ಸಿ ಭಾಯ್, ನಂಗೂ ವಯಸ್ಸಾಗ್ತಾ ಇದೆ."

ಮದುವೆಯ ಊಟದಲ್ಲಿ ಚಿಕ್ಕಪ್ಪ ಸಂಜೀವಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ್ದರು: "ಹಿಂದ್ಗಡೆ ದೇವಸ್ಥಾನದ ಮೆಟ್ಲೈತಂತಲ್ಲೋ! ಮುಂದ್ಗಡೆಯಿಂದ ಯಾಕೆ ಒದ್ದಾಡ್ತೀಯ?"

"ಮೆಟ್ಲು ಬೇರೆಯೋರು ಕಟ್ಟಿದ್ದು ಚಿಕ್ಕಪ್ಪಾ," ಎಂದು ಪ್ರೇಮ್ ಹೋಳಿಗೆ ಮುರಿದಿದ್ದ.

ಹೋದ ಭಾನುವಾರ ಪ್ರೇಮ್, ಕೋಕಿಲಾ ಇಬ್ಬರೇ ಹೋಗಿದ್ದರು. ಪ್ರೇಮ್ ಹನ್ನೊಂದನೆಯ ಬೋಲ್ಟಿಗೆ ಹಗ್ಗ ಸಿಕ್ಕಿಸಿದ. ಬೋಲ್ಟ್ ಅವನ ತಲೆಗಿಂತ ಮೇಲಿತ್ತು. ಪ್ರತಿ ಸಲ ಬೀಳುತ್ತಿದ್ದ ಜಾಗ ಅದು. ಕಾಲು ನಡುಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಬಿದ್ದರೂ ಏನೂ ಆಗುತ್ತಿರಲಿಲ್ಲ, ಹಗ್ಗ ಹಿಡಿಯುತ್ತಿತ್ತು. ಅದು ಕೋಕಿಲಾಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ಕೈಗಳು ಹಗ್ಗವನ್ನು ಒಂದು ಗೇಣು ಎಳೆದುಬಿಟ್ಟವು. ಹೆದರಿಕೆಯೋ, ಇವತ್ತಿಗಾದರೂ ಇದು ಮುಗಿಯಲಿ ಎಂಬ ಆಸೆಯೋ. ಹಗ್ಗ ತಂತಿಯಂತೆ ಬಿಗಿಯಿತು. ಅವನು ಆ ಗೇಣಿನಷ್ಟು ಮೇಲೆದ್ದ. ಮುಂದಿನ ಗಳಿಗೆಯಲ್ಲಿ ಚೈನ್ ಅವನ ಕೈಯಲ್ಲಿತ್ತು.

ಇಳಿದು ಬಂದು ಗಂಟು ಬಿಚ್ಚುತ್ತ ನಿಂತ.

"ಬಿಗಿ ಇತ್ತು."

"ಗೊತ್ತು."

ಹಗ್ಗ ಸುತ್ತುತ್ತ ನಕ್ಕ. "ಹೋಗ್ಲಿ ಬಿಡು. ಮುಂದಿನ ಭಾನುವಾರ ಬರೋಣ. ಚೈನು ಹೆಂಗಿದೆ ಅಂತ ನೋಡ್ದಂಗಾಯ್ತು."

ಮುಂದಿನ ಭಾನುವಾರ ಎಂದರೆ ನಾಳೆ.

* * *

"ಹೊತ್ತಾಯ್ತು, ಎತ್ರಪ್ಪಾ," ಎಂದರು ಸಂಜೀವಪ್ಪ.

ಜಯಂತ್ ಮುಂದೆ ಬಂದ. "ಒಂದು ಮಾತು ಹೇಳ್ಬೇಕು. ಅಮ್ಮಾ, ನಿಮ್ಮ ಮಗ ಆರು ವರ್ಷದಿಂದ ಒಂದು ಬಂಡೆ ಹಿಂದೆ ಬಿದ್ದಿದ್ದ. ಇಲ್ಲಿ ಯಾರ ಕೈಲೂ ಆಗದಂಥದ್ದು. ಹೋದ ಭಾನುವಾರ ಅದನ್ನ..."

ಮುನಿಲಕ್ಷ್ಮಮ್ಮ ಅವನನ್ನು ನೋಡಲಿಲ್ಲ. ಸೊಸೆಯ ಕಡೆ ತಿರುಗಿದರು.

"ಮುಗಿಸ್ದನೇನೇ? ನೀನೇ ಹೇಳು. ವಾರವಾರ ಬೈದು ಬೈದು ಕಳಿಸ್ದೆ ನಾನು. ಒಂದ್ಸಲನಾದ್ರೂ ಗೆದ್ನಾ?"

ಹೂಂ ಎಂಬುದು ಕೋಕಿಲಾಳ ನಾಲಿಗೆಯವರೆಗೆ ಬಂದಿತ್ತು. ಅತ್ತೆಯ ಕೈಯಲ್ಲಿ ಸೀಗೆಪುಡಿ ಇನ್ನೂ ಅಂಟಿತ್ತು.

"ಇಲ್ಲ ಅತ್ತೆ."

"ಕೋಕಿಲಾ..." ಎಂದ ಜಯಂತ್.

"ನಾನು ಒಂದು ಗೇಣು ಹಗ್ಗ ಎಳ್ದೆ ಜಯಂತ್. ಕೊನೇ ಬೋಲ್ಟ್ ಹತ್ರ. ಮಿಕ್ಕಿದ್ದು ಸಿಕ್ಕಾಗ ಹೇಳ್ತೀನಿ ಅಂತ ಅವ್ರು ನಿಮಗೆ ಅಂದಿದ್ರಲ್ಲ, ಅದೇ ಇದು."

ಜಯಂತ್ ದನಿ ತಗ್ಗಿಸಿದ. "ಒಂದು ಗೇಣು ಹಗ್ಗ ರೀ. ಇವತ್ತು ಅದನ್ನ ಯಾರು ಕೇಳ್ತಿದ್ರು?"

ಅವಳು ಚಟ್ಟದ ಕಡೆ ನೋಡಿದಳು. ಅವನೂ ನೋಡಿದ.

ಮುನಿಲಕ್ಷ್ಮಮ್ಮ ಮಗನ ಹಣೆಯ ಮೇಲಿನ ಹೂವನ್ನು ಸರಿಮಾಡುತ್ತಿದ್ದರು. ಬಹಳ ಹೊತ್ತು ಸರಿಮಾಡಿದರು.

"ಬೀಳ್ತಾನೆ ಅಂತ ಎಳ್ದ್ಯಾ?"

"ಗೊತ್ತಿಲ್ಲ ಅತ್ತೆ."

"ನಾನಾಗಿದ್ರೂ ಎಳೀತಿದ್ದೆ," ಎಂದರು ಮುದುಕಿ. ಆಮೇಲೆ ದೊಡ್ಡದಾಗಿ ಅತ್ತರು.

ಅಕ್ತರ್ ಹಾರ ಹಾಕಿ ಕೋಕಿಲಾಳ ಎದುರು ಬಂದು ನಿಂತ. "ಭಾಭಿ, ಬಂಡೆ ಮೇಲಿನ ಆ ಕೆಂಪು ಬಟ್ಟೆ..." ಎಂದು ತಡೆದ.

"ನೀವೇ ಬಿಚ್ಚಿ ಅಕ್ತರ್."

ಅವನು ತಲೆಯಾಡಿಸಿ ಹೋಗಿ ಹಿಂಬದಿಗೆ ಹೆಗಲು ಕೊಟ್ಟ. ಜಯಂತ್ ಮುಂದೆ ಹಿಡಿದ. ಚಟ್ಟ ಮೇಲೆದ್ದಿತು. ಹೆಂಗಸರು ಹೊಸ್ತಿಲಲ್ಲೇ ಉಳಿದರು.

ಓಣಿ ಇಕ್ಕಟ್ಟಾಗಿತ್ತು. ತಳ್ಳುಗಾಡಿಯವನು ಗಾಡಿಯನ್ನು ಗೋಡೆಗೆ ಒತ್ತಿ, ತಲೆಯ ಮೇಲಿನ ಬಟ್ಟೆ ತೆಗೆದು ನಿಂತ. ಕೋಕಿಲಾ ನೋಡುತ್ತಿದ್ದಳು. ಅಕ್ತರನ ಒಂದು ಕೈ ಬಿದಿರನ್ನು ಹಿಡಿದಿತ್ತು. ಇನ್ನೊಂದು ಪಕ್ಕದಲ್ಲಿ ಸುಮ್ಮನೆ ತೂಗುತ್ತಿತ್ತು. ತಿರುವು ಹತ್ತಿರವಾದಾಗ ಆ ಕೈಯ ಎರಡು ಬೆರಳುಗಳು ತಾವಾಗಿ ಮಡಚಿಕೊಂಡವು. ಬಂಡೆಯ ಸಣ್ಣ ಅಂಚೊಂದನ್ನು ಹಿಡಿದಂತೆ ಹೆಬ್ಬೆರಳು ಅವುಗಳ ಮೇಲೆ ಒತ್ತಿ ಕೂತಿತು. ಕೈ ಗಾಳಿಯಲ್ಲಿ ತುಸು ಮೇಲೇರಿ, ಏನನ್ನೋ ತಡಕಿ, ಸಿಗದೆ ಬಿಚ್ಚಿಕೊಂಡು ಕೆಳಗಿಳಿಯಿತು. ಮತ್ತೆ ಮೊದಲಿನಿಂದ ಬೆರಳುಗಳು ಮಡಚಿಕೊಂಡವು.