ಹೆಸರಿಲ್ಲದ ಒಂದು ಬಡಿತ

ನಾನು ಒಂದು ಕಂಚಿನ ಗಂಟೆ. ಗುಡಿಯ ಗಂಟೆಯಲ್ಲ, ಶಾಲೆಯದೂ ಅಲ್ಲ, ಹೆಳವರ ಕೈಗಂಟೆ. ಹೆಳವರೆಂದರೆ ಮನೆಮನೆಗೆ ಹೋಗಿ ಆ ಮನೆಯವರ ವಂಶಾವಳಿಯನ್ನು ಅವರಿಗೇ ಓದಿ ಹೇಳುವವರು. ನಿಮ್ಮ ಮುತ್ತಜ್ಜನ ಅಜ್ಜನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ; ಅವರಿಗೆ ಗೊತ್ತು. ನನ್ನನ್ನು ಹಿಡಿದ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಒಂದು ಹೆಸರು ಹೇಳಬೇಕು, ಒಂದು ಸಲ ಗಂಟೆ ಬಡಿಯಬೇಕು, ಆ ನಾದ ಪೂರ್ತಿ ಅಡಗಿದ ಮೇಲೆಯೇ ಮುಂದಿನ ಹೆಸರು. ಗೌಡನಿಗೂ ಒಂದೇ ಬಡಿತ, ತೊಟ್ಟಿಲ ಕೂಸಿಗೂ ಒಂದೇ. ಈ ಲೆಕ್ಕವನ್ನು ತಪ್ಪಿಸಲು ಬಂದವರನ್ನು ನಾನು ನೋಡಿದ್ದೇನೆ. ತಪ್ಪಿಸಲು ಅವರಿಂದ ಆಗಲಿಲ್ಲ.

ಕಂಚು ಎಂದರೆ ತಾಮ್ರ ಮತ್ತು ತವರದ ಮಿಶ್ರಣ. ತವರ ಹೆಚ್ಚಿದಷ್ಟೂ ನಾದ ಚೆನ್ನ, ಲೋಹ ಮಾತ್ರ ಪೆಡಸಾಗುತ್ತದೆ. ಕಲ್ಲಿನ ಮೇಲೆ ಬಿದ್ದರೆ ಸೀಳುತ್ತದೆ. ನನ್ನನ್ನು ಎರೆದವನು ನಾದವನ್ನೇ ಆರಿಸಿಕೊಂಡ. ಲೋಹ ಒಂದೇ ಕಡೆಯದಲ್ಲ. ನನ್ನ ಮೊದಲ ಒಡೆಯ ಯಮನಪ್ಪ ತಾನು ವಂಶಾವಳಿ ಓದುವ ಮನೆಗಳಿಂದಲೇ ಒಡೆದ ಕಂಚನ್ನು ಬೇಡಿ ತಂದಿದ್ದ. ಬಿರುಕುಬಿಟ್ಟ ಬಟ್ಟಲು, ಹಿಡಿ ಮುರಿದ ಸೌಟು, ತಳ ಹೋದ ಚರಿಗೆ. ಒಡೆಯದೆ ಇದ್ದದ್ದು ಒಂದೇ, ಹೂಲಿಕಟ್ಟಿ ಮನೆತನದಿಂದ ಬಂದ ಊಟದ ತಾಟು. ಅದನ್ನು ತಂದುಕೊಟ್ಟವಳು ಆ ಮನೆಯ ಹಿರಿಯಳು ನಿಂಬೆವ್ವ.

“ಯವ್ವಾ, ಇದು ಇನ್ನೂ ಗಟ್ಟಿ ಐತೆಲ್ಲ,” ಎಂದ ಯಮನಪ್ಪ.

“ಇದರಾಗ ನನ್ನ ಮಗಗ ಮೊದಲನೇ ತುತ್ತು ಉಣಿಸೀನಿ. ಈಗ ಅಂವ ಬೆಳ್ಳಿ ತಾಟಿನ್ಯಾಗ ಉಣ್ತಾನ. ಇದು ಮೂಲ್ಯಾಗ ಕುಂತು ಏನ ಮಾಡ್ತೈತಿ? ನಾಕ ಮಂದಿ ಕೇಳೂ ಹಂಗ ಬಾರಸಲಿ, ಒಯ್ಯಿ.”

ಆ ತಾಟು ನನ್ನೊಳಗೆ ಕರಗಿತು. ಅದು ಕಂಡದ್ದೆಲ್ಲ ನನ್ನದಾಯಿತು.

ಅದು ಕಂಡದ್ದು ಇಷ್ಟು. ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕುಳಿತಿತ್ತು. ಅಲ್ಲಿ ನಿಂಬೆವ್ವನ ಗಂಡ ವಿರುಪಣ್ಣ ಸತ್ತ. ಅವನ ಹಿಂದೆಯೇ ಅವಳ ಮೊಲೆಗೂಸು. ಆಚೆಯ ಗುಡಿಸಲಿನಲ್ಲಿ ಎಲ್ಲರೂ ಸತ್ತು ಒಂದು ಗಂಡುಕೂಸು ಮಾತ್ರ ಅಳುತ್ತಿತ್ತು. ಅವರು ಯಾವ ಊರಿನವರು, ಯಾವ ಜಾತಿಯವರು ಎಂದು ಹೇಳಲು ಯಾರೂ ಉಳಿದಿರಲಿಲ್ಲ. ನಿಂಬೆವ್ವನ ಎದೆಯಲ್ಲಿ ಹಾಲಿತ್ತು. ಎತ್ತಿಕೊಂಡಳು. ಊರಿಗೆ ಮರಳುವಾಗ ಅವಳ ಕಂಕುಳಲ್ಲಿ ಒಂದು ಕೂಸಿತ್ತು, ಹೋಗುವಾಗಲೂ ಇತ್ತಲ್ಲ. ಪ್ರತಿ ಮನೆಯಲ್ಲೂ ಹೆಣ ಬಿದ್ದಿದ್ದ ಆ ದಿನಗಳಲ್ಲಿ ಬಗ್ಗಿ ಕೂಸಿನ ಮುಖ ನೋಡುವ ಪುರುಸೊತ್ತು ಯಾರಿಗಿತ್ತು? ಯಮನಪ್ಪನಿಗೆ ಮಾತ್ರ ಅವಳು ತಾನಾಗಿಯೇ ಹೇಳಿದಳು.

“ಇದ್ದದ್ದ ಇದ್ದಂಗ ಬರಕೋ. ಹೊಟ್ಟ್ಯಾಗ ಹುಟ್ಟಿದ್ದಲ್ಲ, ಎದಿ ಮ್ಯಾಲೆ ಬೆಳದದ್ದು ಅಂತ ಬರಕೋ. ನನಗೇನ ನಾಚಿಕಿ ಇಲ್ಲ.”

ಕೂಸಿಗೆ ಚನ್ನಬಸಪ್ಪ ಎಂದು ಹೆಸರಿಟ್ಟಳು. ಬೀಳುಬಿದ್ದ ಹೊಲ ಹಸನು ಮಾಡಿಸಿದಳು, ಭಾವ ಮೈದುನರಿಲ್ಲದ ಮನೆಯನ್ನು ಒಬ್ಬಳೇ ನಡೆಸಿದಳು. ಅವಳು ಬದುಕಿರುವವರೆಗೆ ಯಮನಪ್ಪ ಅದೇ ಮಾತುಗಳನ್ನು ಹೇಳಿ ನನ್ನನ್ನು ಬಡಿಯುತ್ತಿದ್ದ. ಅವಳು ಜಗಲಿಯಲ್ಲಿ ಮಗನೊಬ್ಬನನ್ನೇ ಕೂರಿಸಿಕೊಂಡು, ಎಲೆಯಡಿಕೆ ಮೆಲ್ಲುತ್ತ ಕೇಳುತ್ತಿದ್ದಳು.

ಅವಳು ತೀರಿದ ಮೇಲೆ ಚನ್ನಬಸಪ್ಪ ಯಮನಪ್ಪನನ್ನು ಒಳಮನೆಗೆ ಕರೆದ. ಹಿರಿಮಗಳಿಗೆ ದೊಡ್ಡ ಮನೆತನದ ಸಂಬಂಧ ಬಂದಿತ್ತು. ಬೀಗರು ಹೆಳವನ ಬಾಯಿಂದ ವಂಶಾವಳಿ ಕೇಳಿಯೇ ಮಾತು ಕೊಡುವವರು. ಮೂಲೆಯ ತೊಟ್ಟಿಲಲ್ಲಿ ಕಿರಿಮಗ ಅಡಿವೆಪ್ಪ ಮಲಗಿದ್ದ.

“ಅವ್ವನ ಸುದ್ದಿ ಬಿಟ್ಟ ಬಿಡು. ವಿರುಪಣ್ಣನ ಮಗ ಚನ್ನಬಸಪ್ಪ, ಇಷ್ಟ ಹೇಳು ಸಾಕು.”

“ವಿರುಪಣ್ಣನ ಮಗ ಅಂತ ನನ್ನ ನಾಲಿಗಿ ಹೊರಳೂದಿಲ್ಲ ಧಣ್ಯಾರ.”

ಚನ್ನಬಸಪ್ಪ ಯಮನಪ್ಪನ ಕೈಯಲ್ಲಿದ್ದ ವಂಶಾವಳಿಯ ಪುಸ್ತಕದಿಂದ ಆ ಹಾಳೆಯನ್ನೇ ಹರಿದು ಒಲೆಗೆ ಹಾಕಿದ. ಹಾಳೆ ಉರಿಯುವುದನ್ನು ಯಮನಪ್ಪ ನೋಡುತ್ತ ನಿಂತ.

“ನಿನ್ನ ಈ ಊರಿಗೆ ಕಾಲಿಡದಂಗ ಮಾಡ್ತೀನಿ!”

“ಮಾಡ್ರಿ. ಬ್ಯಾರೆ ಹೆಳವನ್ನ ಕರಸ್ರಿ. ವಿರುಪಣ್ಣನ ಅಜ್ಜ ಯಾರಂತ ಅಂವಗ ನೀವ ಹೇಳಿಕೊಡ್ರಿ.”

ಚನ್ನಬಸಪ್ಪ ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿದ. ಕೊನೆಗೆ ಯಮನಪ್ಪನೇ ಹೇಳಿದ: “ಹೆಣ್ಣುಮಗಳ ಲಗ್ನ ಐತಿ, ಹೆಸರ ಹೇಳೂದಿಲ್ಲ. ಆದ್ರ ಆಕಿ ಪಾಲಿನ ಬಡಿತ ಬಡೀತೀನಿ. ಅದನ್ನ ನೀವ ಅಲ್ಲ, ನಿಮ್ಮಪ್ಪ ಬಂದ್ರೂ ಬಿಡೂದಿಲ್ಲ.”

ಬೀಗರ ಮುಂದೆ ಯಮನಪ್ಪ “ವಿರುಪಣ್ಣ” ಎಂದ. ಬಡಿದ. ಆಮೇಲೆ ಬಾಯಿ ತೆರೆಯದೆ ಇನ್ನೊಮ್ಮೆ ಬಡಿದ. ಆ ನಾದ ನಡುಮನೆಯಲ್ಲಿ ಸುತ್ತುತ್ತಿರುವಾಗ ಚನ್ನಬಸಪ್ಪನ ಕೈಗಳು ತಾವಾಗಿ ಜೋಡಿಕೊಂಡವು. ಕಣ್ಣು ತುಂಬಿತು. ಯಜಮಾನ ಕೈ ಮುಗಿದನೆಂದು ಮನೆಮಂದಿಯೂ ಮುಗಿದರು. ಬೀಗರೂ ಮುಗಿದರು. ಆ ಬಡಿತ ಮನೆದೇವರದಿರಬೇಕೆಂದು ಅವತ್ತೇ ಒಬ್ಬರು ಅಂದರು. ಚನ್ನಬಸಪ್ಪ ಅಲ್ಲವೆನ್ನಲಿಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ಹೆಸರಳಿದ ಅವ್ವನಿಗೆ ಅವಳ ಮಗ, ಸೊಸೆ, ಮೊಮ್ಮಕ್ಕಳು ನಾನು ಬಂದಾಗಲೆಲ್ಲ ತಲೆಬಾಗಿ ನಮಸ್ಕರಿಸುತ್ತಿದ್ದರು. ನನಗೆ ನಗು ಬರುತ್ತಿತ್ತು. ಹಾಳೆಯನ್ನು ಸುಟ್ಟಿರಿ, ನನ್ನನ್ನೇನು ಮಾಡುತ್ತೀರಿ?

ಯಮನಪ್ಪ ಮುದುಕನಾಗಿ ನನ್ನನ್ನು ಮೊಮ್ಮಗ ದ್ಯಾವಪ್ಪನ ಕೈಗಿಟ್ಟ. ಆ ಮನೆಯ ಕಥೆಯನ್ನು, ತಾಟಿನ ಕಥೆಯನ್ನು ಹೇಳಿ, “ಕೇಳೂತನಕ ಬಾಯಿ ಬಿಡಬ್ಯಾಡ. ಕೇಳಿದ ಮ್ಯಾಲೆ ಸುಳ್ಳ ಹೇಳಬ್ಯಾಡ,” ಎಂದ. ಎತ್ತಿನ ಮೇಲೆ ತಿರುಗುತ್ತಿದ್ದ ನಾನು ದ್ಯಾವಪ್ಪನ ಕಾಲಕ್ಕೆ ಮೊಪೆಡ್ಡಿನ ಚೀಲದಲ್ಲಿ ಕುಲುಕುತ್ತ ತಿರುಗಿದೆ. ಅವನ ತಲೆ ನರೆಯಿತು. ಯಾರೂ ಕೇಳಲಿಲ್ಲ. ಕೈ ಮುಗಿದವರಿಗೆ ಕೇಳುವುದು ನೆನಪಾಗುವುದಿಲ್ಲ.

ಕೇಳಿದವಳು ಕಸ್ತೂರಿ. ತೊಟ್ಟಿಲಲ್ಲಿದ್ದ ಆ ಅಡಿವೆಪ್ಪ ಈಗ ಮನೆಯ ಯಜಮಾನ. ಅವನ ಮಗ ಈರಣ್ಣನ ಹೆಂಡತಿ ಇವಳು. ಮಕ್ಕಳಾಗದೆ ಗಂಡಹೆಂಡತಿ, ಯಾರೋ ಆಸ್ಪತ್ರೆಯಲ್ಲಿ ಬಿಟ್ಟುಹೋಗಿದ್ದ ಒಂದು ಹೆಣ್ಣುಮಗುವನ್ನು ದತ್ತು ತಂದಿದ್ದರು. ಸಂಪದಾ ಎಂದು ಹೆಸರು. ಆ ಹೆಸರನ್ನು ವಂಶಾವಳಿಗೆ ಸೇರಿಸಲೆಂದು ಕಸ್ತೂರಿಯೇ ದ್ಯಾವಪ್ಪನನ್ನು ಕರೆಸಿದ್ದಳು.

“ಈರಣ್ಣನ ಹೆಸರಿಗೆ ನಿಲ್ಲಸು ದ್ಯಾವಪ್ಪ,” ಎಂದ ಅಡಿವೆಪ್ಪ. “ಮುಂದ ಏನೂ ಬರೀಬ್ಯಾಡ.”

“ಯಾಕ್ರಿ ಮಾವಾರ? ಕೂಸು ಕಣ್ಣಿಗೆ ಕಾಣವಲ್ದೇನು?”

“ಮನ್ಯಾಗ ಇರಲಿ, ಉಣ್ಲಿ, ಸಾಲಿ ಕಲೀಲಿ. ನಾ ಬ್ಯಾಡ ಅಂದೀನೇನು? ವಂಶಾವಳಿ ಅಂದ್ರ ರಕ್ತ. ಯಾರೋ ಬಿಟ್ಟುಹೋದ ಕೂಸಿನ್ನ ಹೂಲಿಕಟ್ಟಿಯವರ ಸಾಲಿನ್ಯಾಗ ಕುಂದ್ರಸಾಕ ಆಗೂದಿಲ್ಲ.”

“ಕೋರ್ಟಿನ ಕಾಗದದಾಗ ಆಕಿ ನಮ್ಮ ಮಗಳು.”

“ಕೋರ್ಟಿನವರು ನಮ್ಮ ಬೀಗರೇನು?”

ಈರಣ್ಣ ನೆಲ ನೋಡುತ್ತ ನಿಂತ. ಅಪ್ಪನ ಎದುರು ಮಾತಾಡಿ ಅಭ್ಯಾಸವಿರಲಿಲ್ಲ. ದ್ಯಾವಪ್ಪ ರೂಢಿಯಂತೆ ಮೊದಲಿನಿಂದ ಹೇಳತೊಡಗಿದ. ಮನೆದೇವರ ಹೆಸರಿಗೆ ಒಂದು ಬಡಿತ. ಆಮೇಲೆ ಹಿರಿಯರು, ಒಬ್ಬೊಬ್ಬರಾಗಿ. ವಿರುಪಣ್ಣ. ಅನಂತರ ಆ ಹೆಸರಿಲ್ಲದ ಬಡಿತ. ಎಲ್ಲರೂ ಕೈ ಮುಗಿದರು. ಮಗುವನ್ನು ಎತ್ತಿಕೊಂಡಿದ್ದ ಕಸ್ತೂರಿಯ ಕೈ ಖಾಲಿಯಿರಲಿಲ್ಲ.

“ದ್ಯಾವಪ್ಪಣ್ಣಾ, ಇದು ಯಾರ ಬಡಿತ?”

“ಮನಿದೇವರದು. ಇಷ್ಟೂ ಗೊತ್ತಿಲ್ಲೇನು?” ಎಂದು ಅಡಿವೆಪ್ಪ ಗದರಿದ.

“ಮನಿದೇವರಿಗೆ ಆಗಳೇ ಬಡದಾರಲ್ರಿ. ನಡುವ ಇನ್ನೊಮ್ಮೆ ಯಾಕ?”

ಬಾಯಿ ಬಿಟ್ಟರೆ ಈ ಮನೆಯ ಬಾಗಿಲು ತನಗೆ ಮುಚ್ಚುತ್ತದೆಂದು ದ್ಯಾವಪ್ಪನಿಗೆ ಗೊತ್ತಿತ್ತು. ಆದರೂ ಬಿಟ್ಟ. ಪ್ಲೇಗು, ಗುಡಿಸಲು, ಕೂಸು, ಸುಟ್ಟ ಹಾಳೆ. ಒಂದನ್ನೂ ಬಿಡದೆ ಹೇಳಿದ.

“ಸುಳ್ಳು!” ಅಡಿವೆಪ್ಪ ಎದ್ದುಬಂದು ನನ್ನನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದ. ಕಲ್ಲುಹಾಸಿಗೆ ಬಿದ್ದೆ. ಬಾಯಂಚಿನಿಂದ ಭುಜದವರೆಗೆ ಸೀಳಿಹೋದೆ. ಎರಕದವನು ನಾದವನ್ನು ಆರಿಸಿಕೊಂಡ ದಿನವೇ ಇದು ನಿಶ್ಚಯವಾಗಿತ್ತು.

“ನೀವು ಒಗದದ್ದು ನಿಮ್ಮ ಅಜ್ಜಿ ತಾಟು, ಧಣ್ಯಾರ,” ಎಂದ ದ್ಯಾವಪ್ಪ. “ನಿಮ್ಮಪ್ಪಾರಿಗೆ ಮೊದಲನೇ ತುತ್ತು ಉಣಿಸಿದ್ದು ಅದರಾಗ. ಒಂದ ಮಾತ ಹೇಳ್ರಿ. ಈ ಬಡಿತಕ್ಕ ಅವರ ಕಣ್ಣಾಗ ನೀರ ಬರ್ತಿದ್ದವಲ್ಲ, ಮನಿದೇವರ ಪೂಜಿಯಾಗ ಎಂದಾದ್ರೂ ಬಂದಿದ್ದವೇನು?”

ಅಡಿವೆಪ್ಪ ತನ್ನ ಎರಡೂ ಅಂಗೈಗಳನ್ನು ಅನ್ಯರವೆಂಬಂತೆ ನೋಡಿಕೊಂಡ. ಆಮೇಲೆ ಬೆನ್ನು ತಿರುಗಿಸಿ ಒಳಬಾಗಿಲಿಗೆ ನಡೆದ. “ಒಡದ ಗಂಟಿ ಮನ್ಯಾಗ ಬಾರಸಬಾರದು, ಅಪಶಕುನ.”

ಕಸ್ತೂರಿ ಅಂಗಳಕ್ಕಿಳಿದು ನನ್ನನ್ನು ಎತ್ತಿ, ಸೆರಗಿನಿಂದ ಮಣ್ಣೊರೆಸಿ ದ್ಯಾವಪ್ಪನ ಕೈಗಿಟ್ಟಳು. “ಬಾರಸ್ರಿ ಅಣ್ಣಾರ. ವಿರುಪಣ್ಣನಿಂದ ಹಿಡೀರಿ.”

“ಬಾರಸು ದ್ಯಾವಪ್ಪಣ್ಣ,” ಎಂದ ಈರಣ್ಣ. ಆ ಮನೆಯಲ್ಲಿ ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

“ವಿರುಪಣ್ಣ.” ನನ್ನಿಂದ ಹೊರಟದ್ದು ನಾದವಲ್ಲ, ಒರಟು ಸದ್ದು. ಆದರೂ ಹೊರಟಿತು.

“ನಿಂಬೆವ್ವ. ಮನಿ ನಡಸಿದಾಕಿ.”

ಇಷ್ಟು ವರ್ಷ ಮಧುರವಾಗಿ ಮೊಳಗಿ ಹೇಳಲಾಗದ್ದನ್ನು ಒಡೆದ ದನಿಯಲ್ಲಿ ಹೇಳಿದೆ. ಅಡಿವೆಪ್ಪ ಹೊಸ್ತಿಲ ಬಳಿ ನಿಂತಿದ್ದ. ಮುಖ ಕಾಣಲಿಲ್ಲ. ಹಿಂದಿನಿಂದ ಅವನ ಮೊಣಕೈಗಳು ಮಡಚಿದ್ದಷ್ಟೇ ಕಂಡಿತು.

“ಚನ್ನಬಸಪ್ಪ. ಹೊಟ್ಟ್ಯಾಗ ಹುಟ್ಟಿದ್ದಲ್ಲ, ಎದಿ ಮ್ಯಾಲೆ ಬೆಳದದ್ದು.” ಅಡಿವೆಪ್ಪ. ಈರಣ್ಣ. ಕಸ್ತೂರಿ. ಸಂಪದಾ.

ಆ ಕೊನೆಯ ಹೆಸರನ್ನು ದ್ಯಾವಪ್ಪ ಬರೆಯುವಾಗ ಯಾರೂ ತಡೆಯಲಿಲ್ಲ.

ಈಗ ನಾನು ಮುದಿ. ದ್ಯಾವಪ್ಪ ಬೇರೆ ಮನೆಗಳಿಗೆಂದು ಹೊಸ ಗಂಟೆ ಕೊಂಡ. ನನ್ನನ್ನು ಕಸ್ತೂರಿ ಕೇಳಿ ಪಡೆದು ನಡುಮನೆಯ ಗೋಡೆಗೂಡಿನಲ್ಲಿಟ್ಟಿದ್ದಾಳೆ. ಹೂಲಿಕಟ್ಟಿ ಮನೆಯ ವಂಶಾವಳಿಗೆ ಮಾತ್ರ ದ್ಯಾವಪ್ಪ ನನ್ನನ್ನೇ ಕೈಗೆತ್ತಿಕೊಳ್ಳುತ್ತಾನೆ. ಕರಗಿಸಿ ಹೊಸದು ಎರೆದುಕೊಡುತ್ತೇನೆಂದು ಒಬ್ಬ ಕಂಚುಗಾರ ಬಂದು ನೋಡಿ ಹೋದ. ಕರಗಿಸಿದರೆ ಕರಗಿಸಲಿ, ನನಗೆ ಅಂಜಿಕೆಯಿಲ್ಲ. ಬೆಂಕಿಯಲ್ಲಿ ನನ್ನ ಆಕಾರ ಹೋದೀತು. ತಾಟಿನ ತಾಮ್ರ ಎಲ್ಲಿಗೆ ಹೋಗುತ್ತದೆ? ಹಾಳೆಯಂತೆ ಉರಿದು ಬೂದಿಯಾಗುವ ಜಾತಿಯಲ್ಲ ನಾನು.

ಮೊನ್ನೆ ಬಂದ ಬಂಧುವೊಬ್ಬಳು ಮೂಗು ಮುರಿದಳು. “ಒಡದ ಗಂಟಿ ಯಾಕ ಇಟ್ಟೀರಿ? ಒಗೀರಿ ಅತ್ಲಾಗ.”

ಸಂಪದಾ ಈಗ ಶಾಲೆಗೆ ಹೋಗುವ ಹುಡುಗಿ. ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿದಳು.

“ಅದು ನಮ್ಮ ನಿಂಬೆವ್ವನ ತಾಟು,” ಎಂದಳು. “ಮುಟ್ಟಬ್ಯಾಡ್ರಿ.”